ಆರು ಲೋಟ, ಆರು ಉತ್ತರ: ಹಿಟ್ಟು ಉಬ್ಬುವ ಪ್ರಯೋಗದಲ್ಲಿ ಅಳತೆ ಎಲ್ಲಿ ತಪ್ಪಿತು ಎಂದು ಹುಡುಕುವ ಬಗೆ

ನಾಲ್ಕನೇ, ಐದನೇ ತರಗತಿ ಮಕ್ಕಳಿಗೆ ಅಳತೆ ಕಲಿಸುವುದಕ್ಕೆ ಹಿಟ್ಟು ಉಬ್ಬಿಸುವ ಪ್ರಯೋಗ ಬಹಳ ಒಳ್ಳೆಯದು. ಮೈದಾ, ಸಕ್ಕರೆ, ಯೀಸ್ಟ್, ಬೆಚ್ಚಗಿನ ನೀರು ಇದ್ದರೆ ಆಯ್ತು. ತೂಕ, ನೀರಿನ ಪ್ರಮಾಣ, ಬಿಸಿ, ಹೊತ್ತು, ಎತ್ತರ ಎಲ್ಲವನ್ನೂ ಒಂದೇ ಬೆಳಗ್ಗೆ ಅಳೆಯಬಹುದು. ಯೀಸ್ಟ್ ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆ ಗುಳ್ಳೆಗಳು ಹಿಟ್ಟಿನೊಳಗೆ ಸಿಕ್ಕಿಕೊಂಡು ಹಿಟ್ಟನ್ನು ಮೇಲೆ ತಳ್ಳುತ್ತವೆ. ಇಡ್ಲಿ ಹಿಟ್ಟಿನ ಹಾಗೆ ರಾತ್ರಿಯಿಡೀ ಕಾಯಬೇಕಿಲ್ಲ, ಗಂಟೆಯೊಳಗೆ ಫಲ ಕಾಣುತ್ತದೆ.

ತಲೆನೋವು ಶುರುವಾಗುವುದು ಬೋರ್ಡಿನ ಮೇಲೆ ಪಟ್ಟಿ ಬರೆಯುವಾಗ. ಎಲ್ಲರಿಗೂ ಒಂದೇ ಸಾಮಾನು ಕೊಟ್ಟಿದ್ದೇವೆ, ಆದರೂ ಆರು ಗುಂಪಿಗೆ ಆರು ಉತ್ತರ. ಒಬ್ಬರದು 6 ಸೆಂ.ಮೀ., ಇನ್ನೊಬ್ಬರದು 2.4, ಮತ್ತೊಬ್ಬರದು 58. ಆಗ ಬಾಯಿಗೆ ಬರುವ ಮಾತು 'ಯೀಸ್ಟ್ ಸರಿ ಇಲ್ಲ ಬಿಡಿ' ಎಂದು. ಹಾಗೆ ಹೇಳಿ ಪಟ್ಟಿ ಒರೆಸಿಬಿಟ್ಟರೆ ಪಾಠ ಅಲ್ಲಿಗೇ ಸತ್ತಿತು. ತಪ್ಪು ಸಂಖ್ಯೆ ಸುಮ್ನೆ ಬರುವುದಿಲ್ಲ. ಎಲ್ಲಿಂದ ಬಂದೆ ಎನ್ನುವುದನ್ನು ಅದು ತನ್ನ ಮೈಮೇಲೇ ಬರೆದುಕೊಂಡಿರುತ್ತದೆ. ಓದುವುದು ಗೊತ್ತಿದ್ದರೆ 2.4 ನೋಡಿದ ತಕ್ಷಣ ಮಗು ಏನು ಮಾಡಿದೆ ಎಂದು ಹೇಳಬಹುದು. ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ಮಳೆಗಾಲದಲ್ಲಿ ಈ ಪ್ರಯೋಗ ಮಾಡುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ.

ಎಲ್ಲ ಸರಿ ಇದ್ದರೆ ಹೇಗೆ ಕಾಣಬೇಕು

ಒಂದು ಗುಂಪಿಗೆ ಮೈದಾ 50 ಗ್ರಾಂ, ಸಕ್ಕರೆ 5 ಗ್ರಾಂ, ಯೀಸ್ಟ್ ಕದಡಿದ ಬೆಚ್ಚಗಿನ ನೀರು 50 ಮಿ.ಲೀ. ಆರು ಗುಂಪಿಗೆ ಸೇರಿ ಒಣ ಯೀಸ್ಟ್ 12 ಗ್ರಾಂ, ಅದನ್ನು 300 ಮಿ.ಲೀ. ನೀರಿಗೆ ಹಾಕಿ ಕದಡಿ. ಹಿಟ್ಟನ್ನು ಬಟ್ಟಲಲ್ಲಿ ಕಲಸಿ, ನೆಟ್ಟಗಿನ ಗೋಡೆಯ ಗಾಜಿನ ಲೋಟಕ್ಕೆ ಸುರಿಯಬೇಕು. ಹಿಟ್ಟು ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರುತ್ತದೆ, ತಾನಾಗಿ ಮಟ್ಟವಾಗುತ್ತದೆ. ಲೋಟದ ಒಳಗಿನ ಅಗಲ 6 ಸೆಂ.ಮೀ. ಇದ್ದರೆ ಹಿಟ್ಟು ಹೆಚ್ಚುಕಡಿಮೆ 3 ಸೆಂ.ಮೀ. ಎತ್ತರಕ್ಕೆ ನಿಲ್ಲುತ್ತದೆ. ಪ್ರತಿ 10 ನಿಮಿಷಕ್ಕೊಮ್ಮೆ ಎತ್ತರ ಬರೆಯುತ್ತಾ ಹೋಗುವುದು. ಬೆಚ್ಚಗಿನ ಜಾಗವಾದರೆ ಮುಕ್ಕಾಲು ಗಂಟೆ, ಒಂದು ಗಂಟೆಯೊಳಗೆ ದುಪ್ಪಟ್ಟಿನ ಹತ್ತಿರ ಬರುತ್ತದೆ. ಮೊದಲ 10 ನಿಮಿಷ ಏನೂ ಆಗದ ಹಾಗೆ ಕಾಣುತ್ತದೆ, ಆಮೇಲೆ ವೇಗ ಹಿಡಿಯುತ್ತದೆ. ಈ ಕೊನೇ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಿಸಿನೀರು ಕಾಯಿಸಿ ಬೆರೆಸುವ ಕೆಲಸ ದೊಡ್ಡವರದು. ಹಸಿ ಹಿಟ್ಟನ್ನು ಯಾರೂ ಬಾಯಿಗೆ ಹಾಕಬಾರದು. ಗೋಧಿ ಆಗದ ಮಕ್ಕಳಿದ್ದಾರಾ ಎಂದು ಮೊದಲೇ ಕೇಳಿಕೊಳ್ಳಿ.

ಎಲ್ಲಕ್ಕಿಂತ ಮೊದಲು ಅದಲು ಬದಲು

ಲೆಕ್ಕ ಕೂಡದಿದ್ದರೆ ಸಾಮಾನು ಚೆಲ್ಲಬೇಡಿ. ಎರಡನೇ ಗುಂಪಿನ ಲೋಟವನ್ನು ಐದನೇ ಗುಂಪು ಅಳೆಯಲಿ, ಐದನೆಯದನ್ನು ಎರಡನೆಯವರು ಅಳೆಯಲಿ. ಅವರವರ ಸ್ಕೇಲ್ ಅವರವರ ಹತ್ತಿರವೇ ಇರಲಿ.

ವಿಚಿತ್ರ ಸಂಖ್ಯೆ ಲೋಟದ ಜೊತೆ ಹೋದರೆ, ಅಂದರೆ ಯಾರು ಅಳೆದರೂ ಆ ಲೋಟಕ್ಕೆ ಕಡಿಮೆಯೇ ಬಂದರೆ, ದೋಷ ಹಿಟ್ಟಿನಲ್ಲಿದೆ ಅಥವಾ ಲೋಟದಲ್ಲಿದೆ. ಸಂಖ್ಯೆ ಮಕ್ಕಳ ಜೊತೆ ಹೋದರೆ, ಅಂದರೆ ಆ ಗುಂಪು ಯಾವ ಲೋಟ ಅಳೆದರೂ ವಿಚಿತ್ರವಾಗಿಯೇ ಬಂದರೆ, ದೋಷ ಸ್ಕೇಲಿನಲ್ಲಿದೆ ಅಥವಾ ಅದನ್ನು ಓದುವುದರಲ್ಲಿದೆ. ಆಮೇಲೆ ಸ್ಕೇಲ್ ಮಾತ್ರ ಬದಲಿಸಿ ನೋಡಿದರೆ ಇವೆರಡೂ ಬೇರೆಯಾಗುತ್ತವೆ. ಎರಡು ನಿಮಿಷದ ಕೆಲಸ ಇದು. ಅರ್ಧ ಹುಡುಕಾಟ ಇಲ್ಲಿಗೇ ಮುಗಿಯುತ್ತದೆ. ಮಕ್ಕಳಿಗೂ ಇದು ಪತ್ತೇದಾರಿ ಆಟದ ಹಾಗೆ ಕಾಣುವುದರಿಂದ ಯಾರ ಮುಖವೂ ಬಾಡುವುದಿಲ್ಲ.

ಯಾವ ಲೋಟವೂ ಮೇಲೆ ಬರಲಿಲ್ಲ

ಆರಕ್ಕೆ ಆರೂ ಮಲಗಿದ್ದರೆ ದೋಷ ಎಲ್ಲರಿಗೂ ಹಂಚಿದ ಸಾಮಾನಿನಲ್ಲೇ ಇದೆ. ಹಂಚಿದ್ದು ಯೀಸ್ಟ್ ನೀರು.

ಮೊದಲ ಅನುಮಾನ ಬಿಸಿಯ ಮೇಲೆ. ಯೀಸ್ಟಿಗೆ 35ರಿಂದ 40 ಡಿಗ್ರಿ ಸೆಲ್ಸಿಯಸ್ ಹಿತ. 55, 60 ಮುಟ್ಟಿದರೆ ಸಾಯುತ್ತದೆ. ಕೈಗೆ ಬೆಚ್ಚಗಾದರೆ ಸಾಕು ಎನ್ನುವ ಲೆಕ್ಕ ಮಳೆಗಾಲದಲ್ಲಿ ಕೈಕೊಡುತ್ತದೆ. ಕೊಡೆ ಹಿಡಿದು ತಣ್ಣಗಾದ ಕೈಗೆ 30 ಡಿಗ್ರಿ ನೀರೂ ಚೆನ್ನಾಗಿ ಬಿಸಿಯಾಗಿಯೇ ಅನಿಸುತ್ತದೆ. ಬಿಸಿನೀರು, ತಣ್ಣೀರು ಸಮಸಮ ಬೆರೆಸುವುದೂ ಒಂದು ಅಭ್ಯಾಸ. ಲೆಕ್ಕ ಹಾಕಿ ನೋಡಿ: ಕುದಿಯುವ ನೀರು 100, ಆಷಾಢದ ನಲ್ಲಿ ನೀರು 22 ಎಂದು ಹಿಡಿದರೆ ಸಮಪಾಲು ಬೆರೆತಾಗ 61 ಡಿಗ್ರಿ. ಯೀಸ್ಟ್ ಕಥೆ ಮುಗಿಯಿತು. ಒಂದು ಪಾಲು ಕುದಿನೀರಿಗೆ ನಾಲ್ಕು ಪಾಲು ತಣ್ಣೀರು ಹಾಕಿದರೆ 38ರ ಆಸುಪಾಸು ಬರುತ್ತದೆ, ಪಾತ್ರೆ ಸ್ವಲ್ಪ ಶಾಖ ಕುಡಿದರೆ ಇನ್ನೂ ಒಂದೆರಡು ಡಿಗ್ರಿ ಇಳಿಯುತ್ತದೆ. ಈ ಲೆಕ್ಕವನ್ನು ಐದನೇ ತರಗತಿಯವರ ಹತ್ತಿರವೇ ಮಾಡಿಸಬಹುದು: ಒಂದು 100, ನಾಲ್ಕು 22, ಕೂಡಿಸಿ ಐದರಿಂದ ಭಾಗಿಸಿ.

ಥರ್ಮಾಮೀಟರ್ ಇದ್ದರೂ ತಪ್ಪು ನುಸುಳುತ್ತದೆ. ಜ್ವರದ ಥರ್ಮಾಮೀಟರ್ ಇದಕ್ಕೆ ಬಳಸಲೇಬೇಡಿ. ಅದರ ಗೆರೆಗಳು 35ರಿಂದ 42ರವರೆಗೆ ಮಾತ್ರ, ಬಿಸಿ ಜಾಸ್ತಿಯಾದರೆ ಗಾಜು ಒಡೆಯುತ್ತದೆ, ಹಳೆಯದಾದರೆ ಒಳಗೆ ಪಾದರಸ ಇರುತ್ತದೆ. ಹತ್ತಿರದ ಹೈಸ್ಕೂಲಿನಿಂದ ಕೆಂಪು ದ್ರವದ ಪ್ರಯೋಗಾಲಯ ಥರ್ಮಾಮೀಟರ್ ಕೇಳಿ ತರಬಹುದು. ಬುಡ ಪಾತ್ರೆಯ ತಳಕ್ಕೆ ತಾಗಬಾರದು. ಗೆರೆ ಏರುವುದು ನಿಂತ ಮೇಲೆ ಓದಬೇಕು. ನೀರಿನಿಂದ ಹೊರಗೆ ತೆಗೆದು, ಬೆಳಕಿಗೆ ಹಿಡಿದು ಓದುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅಷ್ಟರೊಳಗೆ ಗೆರೆ ಕೆಳಗಿಳಿದಿರುತ್ತದೆ.

ಬಿಸಿ ಸರಿ ಇದ್ದರೆ ಯೀಸ್ಟನ್ನೇ ನೋಡಿ. ಸಣ್ಣ ಬಟ್ಟಲಿಗೆ ಬೆಚ್ಚಗಿನ ನೀರು, ಚಿಟಿಕೆ ಸಕ್ಕರೆ, ಚಿಟಿಕೆ ಯೀಸ್ಟ್. 10 ನಿಮಿಷದಲ್ಲಿ ನೊರೆ ಬಂದರೆ ಜೀವ ಇದೆ. ಬರದಿದ್ದರೆ ಪ್ಯಾಕೆಟ್ ಬಿಸಾಡಿ. ಕಳೆದ ಬೇಸಿಗೆಯಲ್ಲಿ ಒಡೆದು ಕ್ಲಿಪ್ ಹಾಕಿಟ್ಟ ಪ್ಯಾಕೆಟ್ ನಮ್ಮ ಮಳೆಗಾಲದ ತೇವಕ್ಕೆ ಗಂಟು ಕಟ್ಟಿರುತ್ತದೆ. ಅಂಥದ್ದನ್ನು ಪರೀಕ್ಷಿಸುವ ಗೋಜೂ ಬೇಡ. ನಿಜ ಹೇಳಬೇಕೆಂದರೆ ಈ ನೊರೆ ಪರೀಕ್ಷೆಯನ್ನು ಹಿಂದಿನ ದಿನ ಸಂಜೆ ಮನೆಯಲ್ಲೇ ಮಾಡಿಕೊಂಡು ಹೋಗುವುದು ಜಾಣತನ.

ಒಂದು ಲೋಟ ಮಾತ್ರ ಹಿಂದೆ ಬಿತ್ತು

ಐದು ಉಬ್ಬಿ ಒಂದು ಉಳಿದರೆ ಆ ಗುಂಪು ಬೇರೆ ಏನೋ ಮಾಡಿದೆ. ಹೆಚ್ಚಾಗಿ ನಾಲ್ಕು ಕಾರಣ.

ಯೀಸ್ಟ್ ತಳಕ್ಕಿಳಿಯುತ್ತದೆ. ಕದಡದೆ ಮೇಲಿನಿಂದ ಬಗ್ಗಿಸಿಕೊಂಡವರಿಗೆ ತಿಳಿನೀರು, ಕೊನೆಗೆ ಬಂದವರಿಗೆ ಗಷ್ಟು. ಹೀಗಾದಾಗ ಕೊನೇ ಗುಂಪಿನ ಲೋಟ ಎಲ್ಲರಿಗಿಂತ ಮುಂದೆ ಓಡಿರುತ್ತದೆ. ಮೊದಲ ಗುಂಪು ಹಿಂದೆ, ಕೊನೆ ಗುಂಪು ಮುಂದೆ ಎಂದು ಕ್ರಮವಾಗಿ ಕಂಡರೆ ಬೇರೆ ಹುಡುಕುವುದೇ ಬೇಡ.

ಎರಡನೆಯದು ಸಕ್ಕರೆ ಬದಲು ಉಪ್ಪು. ಬಿಸಿಯೂಟದ ಅಡುಗೆಮನೆಯಿಂದ ಡಬ್ಬಿ ತಂದರೆ ಇದು ಆಗುವಂಥದ್ದೇ, ಪುಡಿ ಉಪ್ಪೂ ಸಕ್ಕರೆಯೂ ಬೆಳ್ಳಗಿರುತ್ತವೆ. ಆ ಮಟ್ಟದ ಉಪ್ಪು ಯೀಸ್ಟನ್ನು ಹಿಡಿದು ಕೂರಿಸುತ್ತದೆ. ರುಚಿ ನೋಡಬೇಡಿ, ಡಬ್ಬಿ ನೋಡಿ.

ಮೂರನೆಯದು ನಮ್ಮ ಕಡೆಯದೇ. ಸಕ್ಕರೆ ಸಾಲದೆ ಬಂದಾಗ ಯಾರದೋ ಮನೆಯಿಂದ ಪಾಕದ ಹಾಗಿರುವ ಜೋನಿ ಬೆಲ್ಲ ಬರುತ್ತದೆ. ಯೀಸ್ಟ್ ಅದನ್ನೂ ಖುಷಿಯಿಂದ ತಿನ್ನುತ್ತದೆ, ಆದರೆ ಅಳತೆ ಕೆಡುತ್ತದೆ. ಒಂದು ಚಮಚ ಜೋನಿ ಬೆಲ್ಲ ತೆಗೆದುಕೊಂಡರೆ ಚೆನ್ನಾಗಿ ಒಂದು ಪಾಲು ಚಮಚಕ್ಕೇ ಅಂಟಿಕೊಂಡು ವಾಪಸ್ ಹೋಗುತ್ತದೆ. ಉಳಿದಿದ್ದರಲ್ಲೂ ನೀರಿನ ಅಂಶ ಇದೆ, 5 ಗ್ರಾಂ ಬೆಲ್ಲ ಎಂದರೆ 5 ಗ್ರಾಂ ಸಕ್ಕರೆ ಅಲ್ಲ. ಬೆಲ್ಲವೇ ಬೇಕಿದ್ದರೆ ಎಲ್ಲ ಗುಂಪಿಗೂ ಬೆಲ್ಲವೇ ಇರಲಿ. ಬಟ್ಟಲನ್ನು ತಕ್ಕಡಿ ಮೇಲಿಟ್ಟು, ಸೊನ್ನೆ ಮಾಡಿ, ಬಟ್ಟಲಿಗೆ ಬಿದ್ದಷ್ಟನ್ನೇ ತೂಗಿ. ಚಮಚಕ್ಕೆ ಅಂಟಿದ್ದು ಆಗ ಲೆಕ್ಕಕ್ಕೇ ಬರುವುದಿಲ್ಲ.

ನಾಲ್ಕನೆಯದು ಜಾಗ. ಮಳೆ ಬೀಳುವ ದಿನ ತರಗತಿಯೊಳಗೆ 22, 23 ಡಿಗ್ರಿ ಇರುತ್ತದೆ. ಕಿಟಕಿ ಪಕ್ಕದ ಲೋಟಕ್ಕೆ ಎರಚಲು ಗಾಳಿ, ಅಡುಗೆಮನೆ ಗೋಡೆಗೆ ತಾಗಿದ ಬೆಂಚಿನ ಲೋಟಕ್ಕೆ ಬಿಸುಪು. ಆರೂ ಲೋಟವನ್ನು ಅಗಲವಾದ ಒಂದೇ ಬೋಗುಣಿಯಲ್ಲಿಟ್ಟು ಸುತ್ತ ಬೆಚ್ಚಗಿನ ನೀರು ತುಂಬಿ. ಆಗ ಎಲ್ಲಕ್ಕೂ ಒಂದೇ ಹವೆ.

ಉಬ್ಬಿದ್ದು ಕಣ್ಣಿಗೆ ಕಾಣುತ್ತದೆ, ಅಂಕಿ ಕೂಡುತ್ತಿಲ್ಲ

ನಿಜವಾದ ಪಾಠ ಇರುವುದು ಇಲ್ಲಿ. ಲೋಟಗಳೆಲ್ಲ ಒಂದೇ ಮಟ್ಟದಲ್ಲಿವೆ, ಬರೆದ ಸಂಖ್ಯೆಗಳು ಮಾತ್ರ ಚದುರಿವೆ. ಸಂಖ್ಯೆಯನ್ನೇ ಹಿಡಿದು ಹಿಂದಕ್ಕೆ ನಡೆಯಬೇಕು.

ಬೇರೆಯವರದು 6, ಇವರದು 2.4 ಬಂದಿದೆಯೇ? ಆರನ್ನು ಎರಡೂವರೆಯಿಂದ ಭಾಗಿಸಿ ನೋಡಿ. ಸ್ಕೇಲಿನ ಇಂಚಿನ ಬದಿ ಹಿಡಿದಿದ್ದಾರೆ. ಒಂದು ಇಂಚು ಎಂದರೆ 2.54 ಸೆಂ.ಮೀ. ಮಕ್ಕಳನ್ನು ಬೈಯುವ ಹಾಗಿಲ್ಲ. ಮಲೆನಾಡಿನ ಮನೆಗಳಲ್ಲಿ ಮಳೆ ಇವತ್ತಿಗೂ ಇಂಚಿನಲ್ಲೇ ಬೀಳುತ್ತದೆ. 'ನಿನ್ನೆ ರಾತ್ರಿ ಮೂರು ಇಂಚು ಹೊಡೀತು' ಎಂದು ಜಗಲಿಯಲ್ಲಿ ಕೇಳಿ ಬೆಳೆದ ಮಗುವಿಗೆ ಇಂಚಿನ ಬದಿಯೇ ಸಹಜವಾಗಿ ಕೈಗೆ ಬರುತ್ತದೆ. ಆ ಬದಿಗೆ ಒಂದು ಪಟ್ಟಿ ಕಾಗದ ಅಂಟಿಸಿಬಿಡಿ.

ಎಲ್ಲರಿಗಿಂತ ಸರಿಯಾಗಿ 1 ಜಾಸ್ತಿ ಬಂದರೆ, ಆ ಮಗು ಸೊನ್ನೆಯಿಂದ ಶುರು ಮಾಡದೆ ಒಂದರಿಂದ ಶುರು ಮಾಡಿದೆ. ಬೆರಳೆಣಿಸುವಾಗ ಒಂದರಿಂದ ಶುರು ಮಾಡುತ್ತೇವಲ್ಲ, ಇಲ್ಲೂ ಹಾಗೇ. ಅಳೆಯುವಾಗ ಎಣಿಸಬೇಕಾದ್ದು ಗೆರೆಯನ್ನಲ್ಲ, ಗೆರೆಗಳ ನಡುವಿನ ಜಾಗವನ್ನು. ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಹೆಜ್ಜೆ ಹಾಕಿಸಿ. ಮೂರು ಹೆಜ್ಜೆ ಹಾಕಿದರೆ ನಾಲ್ಕು ಗೆರೆ ಮೆಟ್ಟಿರುತ್ತಾರೆ.

58 ಎಂದು ಬಂದರೆ ಅದು ಮಿಲಿಮೀಟರ್. ತಪ್ಪೇ ಅಲ್ಲ, ಪಕ್ಕದಲ್ಲಿ ಮಿ.ಮೀ. ಎಂದು ಬರೆದಿಲ್ಲ ಅಷ್ಟೇ. ಇದಕ್ಕಿಂತ ಕಳ್ಳ ತಪ್ಪು 3.10 ಎಂಬುದು. ಮೂರು ದಾಟಿ ಹತ್ತು ಸಣ್ಣ ಗೆರೆ ಎಣಿಸಿದ ಮಗು 3.10 ಎಂದು ಬರೆಯುತ್ತದೆ. ಹತ್ತು ಸಣ್ಣ ಗೆರೆ ಎಂದರೆ ನಾಲ್ಕನೇ ದೊಡ್ಡ ಗೆರೆ, ಅಂದರೆ 4. ಪಟ್ಟಿಯಲ್ಲಿ ಮಾತ್ರ ಅದು 3.1ರ ಹಾಗೆ ಕೂತಿರುತ್ತದೆ. ದಶಾಂಶ ಇನ್ನೂ ಗಟ್ಟಿಯಾಗದ ನಾಲ್ಕನೇ ತರಗತಿಗೆ ಎಲ್ಲವನ್ನೂ ಮಿಲಿಮೀಟರಿನಲ್ಲೇ ಬರೆಸುವುದು ವಾಸಿ ಎಂದು ನನ್ನ ಅಭಿಪ್ರಾಯ. 31, 36, 43. ಚುಕ್ಕೆಯ ರಗಳೆ ಇಲ್ಲ.

ಎಲ್ಲ ಓದುಗಳೂ ಒಂದೇ ಸಮನೆ 4, 5 ಮಿ.ಮೀ. ಹಿಂದೆ ಅಥವಾ ಮುಂದೆ ಇದ್ದರೆ ಸ್ಕೇಲಿನ ತುದಿ ನೋಡಿ. ಹೆಚ್ಚಿನ ಸ್ಕೇಲುಗಳಲ್ಲಿ ಸೊನ್ನೆ ತುದಿಯಲ್ಲಿರುವುದಿಲ್ಲ, ಸ್ವಲ್ಪ ಒಳಗಿರುತ್ತದೆ. ಮೇಜಿನ ಮೇಲೆ ನಿಲ್ಲಿಸಿ ಅಳೆದಾಗ ಆ ಖಾಲಿ ಜಾಗದಷ್ಟು ಕಡಿಮೆ ಓದು ಬರುತ್ತದೆ. ಇತ್ತ ಗಾಜಿನ ಲೋಟದ ತಳ ದಪ್ಪಗಿದ್ದರೆ ಅಷ್ಟು ಜಾಸ್ತಿ ಓದು ಬರುತ್ತದೆ. ಒಂದೊಂದು ಸಲ ಎರಡೂ ಒಂದನ್ನೊಂದು ತಿಂದುಹಾಕಿ ಉತ್ತರ ಸರಿಯಾಗಿಯೇ ಕಾಣುತ್ತದೆ. ಆ ಗುಂಪಿನ ಸ್ಕೇಲನ್ನು ಪಕ್ಕದ ಗುಂಪಿಗೆ ಕೊಟ್ಟಾಗ ಗುಟ್ಟು ರಟ್ಟಾಗುತ್ತದೆ.

ಇಲ್ಲಿ ಒಂದು ಚೆಂದದ ವಿಷಯ ಇದೆ. ಇಂಥ ತಪ್ಪು ಪ್ರತಿ ಓದಿನಲ್ಲೂ ಅಷ್ಟಕ್ಕಷ್ಟೇ ಇರುತ್ತದೆ. ಆದ್ದರಿಂದ ಕೊನೇ ಎತ್ತರದಿಂದ ಮೊದಲ ಎತ್ತರ ಕಳೆದಾಗ ತಪ್ಪೂ ಕಳೆದುಹೋಗುತ್ತದೆ. 'ಎಷ್ಟು ಎತ್ತರ ಇದೆ' ಎಂದು ಕೇಳುವ ಬದಲು 'ಎಷ್ಟು ಏರಿತು' ಎಂದು ಕೇಳಿ, ಅರ್ಧ ಗುಂಪುಗಳ ಜಗಳ ತಾನಾಗಿ ನಿಲ್ಲುತ್ತದೆ. ಇಂಚಿನ ತಪ್ಪು ಹೀಗೆ ಹೋಗುವುದಿಲ್ಲ, ಅದು ಏರಿಕೆಯನ್ನೂ ಕುಗ್ಗಿಸುತ್ತದೆ. ಕೂಡಿ ಬರುವ ತಪ್ಪು ಬೇರೆ, ಗುಣಿಸಿ ಬರುವ ತಪ್ಪು ಬೇರೆ ಎಂದು ಐದನೇ ತರಗತಿಯವರಿಗೂ ಹೀಗೆ ಕೈಯಲ್ಲೇ ತೋರಿಸಬಹುದು.

ಸ್ಕೇಲ್ ನಿಲ್ಲಿಸುವ ಗೋಳೇ ಬೇಡ ಎಂದರೆ ಲೋಟದ ಹೊರಗೆ ಉದ್ದುದ್ದಕ್ಕೆ ಕಾಗದದ ಪಟ್ಟಿ ಅಂಟಿಸಿ. ಹಿಟ್ಟು ಸುರಿದ ತಕ್ಷಣ ಅದರ ಮಟ್ಟಕ್ಕೆ ಪೆನ್ಸಿಲ್ ಗೆರೆ, ಅದೇ ಸೊನ್ನೆ. 10 ನಿಮಿಷಕ್ಕೊಂದು ಗೆರೆ. ಕೊನೆಗೆ ಪಟ್ಟಿ ಬಿಚ್ಚಿ ಮೇಜಿನ ಮೇಲೆ ಮಲಗಿಸಿ ಆರಾಮಾಗಿ ಅಳೆಯಬಹುದು. ಬೋಗುಣಿಯ ನೀರು ಪಟ್ಟಿಗೆ ತಾಗದ ಹಾಗೆ ಹಿಟ್ಟಿನ ಮಟ್ಟಕ್ಕಿಂತ ಕೆಳಗೇ ಇರಲಿ, ಇಲ್ಲವಾದರೆ ಪಟ್ಟಿಯ ಮೇಲೆ ಪಾರದರ್ಶಕ ಟೇಪ್ ಹಚ್ಚಿ.

ಸಂಖ್ಯೆಗಳು ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಎಂದು ಕುಣಿಯುತ್ತಿದ್ದರೆ ಕಣ್ಣಿನ ಮಟ್ಟ ನೋಡಿ. ನಿಂತುಕೊಂಡು ಮೇಲಿನಿಂದ ಇಣುಕಿದವರಿಗೆ ಒಂದು ಓದು, ಕುಕ್ಕರಗಾಲಲ್ಲಿ ಕೂತವರಿಗೆ ಇನ್ನೊಂದು. ಗದ್ದ ಮೇಜಿಗೆ ತಾಗಿಸಿ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನೋಡುವ ಮಗುವಿನ ಓದನ್ನು ನಂಬಬಹುದು. ಇನ್ನು ಉಬ್ಬಿದ ಹಿಟ್ಟಿನ ನೆತ್ತಿ ಗುಮ್ಮಟದ ಹಾಗಿರುತ್ತದೆ. ನೆತ್ತಿ ಓದಬೇಕೋ ಅಂಚು ಓದಬೇಕೋ? ಗಾಜಿಗೆ ತಾಗಿದ ಅಂಚು ಎಂದು ಮೊದಲೇ ತೀರ್ಮಾನ ಮಾಡಿ ಬೋರ್ಡಿನ ಮೇಲೆ ಬರೆಯಿರಿ. ಯಾವುದಾದರೂ ಆಗಬಹುದು, ಎಲ್ಲರಿಗೂ ಒಂದೇ ಆಗಿರಬೇಕು. ನೀರು ಅಳೆಯುವಾಗಲೂ ಹೀಗೇ. ಸಪೂರ ಗಾಜಿನ ಜಾಡಿಯಲ್ಲಿ ನೀರು ಅಂಚಿಗೆ ಸ್ವಲ್ಪ ಹತ್ತಿ ನಡುವೆ ತಗ್ಗಾಗಿರುತ್ತದೆ, ಓದಬೇಕಾದ್ದು ಆ ತಗ್ಗನ್ನು. ಹಳೆಯ ಇಳಿಜಾರು ಡೆಸ್ಕುಗಳ ಮೇಲೆ ಮಾತ್ರ ಯಾವುದನ್ನೂ ಅಳೆಯಬೇಡಿ. ನೆಲಕ್ಕೆ ಇಳಿಸಿ.

ಲೋಟಗಳೇ ಬೇರೆ ಬೇರೆ ಆಗಿದ್ದರೆ? ಮನೆಯಿಂದ ತಂದ ಲೋಟಗಳಲ್ಲಿ ಇದು ಇದ್ದದ್ದೇ. 6 ಸೆಂ.ಮೀ. ಅಗಲದ ಲೋಟದಲ್ಲಿ 3 ಸೆಂ.ಮೀ. ನಿಲ್ಲುವ ಹಿಟ್ಟು, 7 ಸೆಂ.ಮೀ. ಅಗಲದ ಲೋಟದಲ್ಲಿ 2.2 ಮಾತ್ರ ನಿಲ್ಲುತ್ತದೆ. ಅಗಲ ಒಂದೇ ಒಂದು ಸೆಂ.ಮೀ. ಜಾಸ್ತಿ, ಎತ್ತರದಲ್ಲಿ ಕಾಲು ಭಾಗಕ್ಕಿಂತ ಹೆಚ್ಚೇ ಖೋತಾ. ತಳ ಸಪೂರ, ಬಾಯಿ ಅಗಲ ಇರುವ ಕಾಫಿ ಲೋಟದಲ್ಲಿ ಇನ್ನೂ ಕಷ್ಟ. ಹಿಟ್ಟು ಮೇಲೇರಿದಷ್ಟೂ ಅಗಲಕ್ಕೆ ಹರಡಿಕೊಳ್ಳುವುದರಿಂದ ಏರಿಕೆ ಕಡಿಮೆ ಕಾಣುತ್ತದೆ. ಸ್ಟೀಲ್ ಲೋಟವಂತೂ ಕಾಣಿಸುವುದೇ ಇಲ್ಲ. ಆರು ಒಂದೇ ಥರದ ನೆಟ್ಟಗಿನ ಲೋಟ ಸಿಕ್ಕಿದರೆ ಅದೇ ದೊಡ್ಡ ಉಪಕಾರ. ಒಂದೇ ನಮೂನೆಯ ಉಪ್ಪಿನಕಾಯಿ ಬಾಟಲಿಗಳೂ ಆಗುತ್ತವೆ.

ತೂಕದ ಕಡೆ ಅನುಮಾನ ಬಂದರೆ

ಮೈದಾವನ್ನು ಕಪ್ಪಿನಲ್ಲಿ ಅಳೆದಿದ್ದರೆ ಬೇರೆ ಕಾರಣ ಹುಡುಕಬೇಡಿ. ಒಂದೇ ಕಪ್ಪಿಗೆ ಸಡಿಲವಾಗಿ ತುಂಬಿದರೆ 120 ಗ್ರಾಂ ಹತ್ತಿರ, ಡಬ್ಬಿಯೊಳಗೆ ಅದ್ದಿ ಒತ್ತಿ ತೆಗೆದರೆ 150 ದಾಟಬಹುದು. ಗಟ್ಟಿ ಹಿಟ್ಟು ಏಳುವುದು ನಿಧಾನ. ಮಕ್ಕಳು ಕೇಳುತ್ತಾರೆ, ಅಡುಗೆಯಮ್ಮ ಕಣ್ಣಳತೆಯಲ್ಲೇ ಹಾಕುತ್ತಾರಲ್ಲ, ಅವರ ಸಾರು ಕೆಡುವುದಿಲ್ಲವಲ್ಲ ಎಂದು. ಒಳ್ಳೆಯ ಪ್ರಶ್ನೆ. ಅವರು ಕುದಿಯುವಾಗ ನೋಡುತ್ತಾರೆ, ಸಾಲದಿದ್ದರೆ ಮತ್ತೆ ಹಾಕುತ್ತಾರೆ. ನಮ್ಮ ಲೋಟಕ್ಕೆ ನಡುವೆ ಏನನ್ನೂ ಸೇರಿಸುವ ಹಾಗಿಲ್ಲ. ಅದಕ್ಕೇ ಮೊದಲೇ ತೂಗಬೇಕು.

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ಆದರೆ ಅದರ ಚಾಳಿ ಗೊತ್ತಿರಬೇಕು. ಹೆಚ್ಚಿನವು 1 ಗ್ರಾಂ ಲೆಕ್ಕದಲ್ಲಿ ತೋರಿಸುತ್ತವೆ. ಅಂದರೆ 2 ಎಂದು ತೋರಿಸಿದಾಗ ಅಲ್ಲಿರುವುದು ಒಂದೂವರೆಯೂ ಇರಬಹುದು, ಎರಡೂವರೆಯೂ ಇರಬಹುದು. ಪ್ರತಿ ಗುಂಪಿಗೂ 2 ಗ್ರಾಂ ಯೀಸ್ಟ್ ಬೇರೆ ಬೇರೆ ತೂಗಿಸಿದರೆ ಇಬ್ಬರ ನಡುವೆ ದೊಡ್ಡ ಅಂತರ ಬಿದ್ದುಹೋಗುತ್ತದೆ. 12 ಗ್ರಾಂ ಒಟ್ಟಿಗೆ ತೂಗಿ ನೀರಿನಲ್ಲಿ ಕದಡಿ ಹಂಚಿ ಎಂದು ಮೇಲೆ ಹೇಳಿದ್ದು ಇದಕ್ಕೇ. ಸಣ್ಣದನ್ನು ತೂಗಬೇಡಿ, ದೊಡ್ಡದನ್ನು ತೂಗಿ ಪಾಲು ಮಾಡಿ. ಮಕ್ಕಳಿಗೆ ಇದಕ್ಕೆ ಉದಾಹರಣೆ ಶಾಲೆಯಲ್ಲೇ ಇದೆ. ಕ್ಷೀರಭಾಗ್ಯದ ಹಾಲು ಒಬ್ಬರಿಗೆ 150 ಮಿ.ಲೀ., ಅದಕ್ಕೆ ಹಾಲಿನ ಪುಡಿ 18 ಗ್ರಾಂ. 40 ಮಕ್ಕಳಿಗೆ ಯಾರೂ 40 ಸಲ 18 ಗ್ರಾಂ ತೂಗುವುದಿಲ್ಲ. 720 ಗ್ರಾಂ ಪುಡಿ, 6 ಲೀಟರ್ ಹಾಲು, ಆಮೇಲೆ ಲೋಟಕ್ಕೆ ಹಂಚುವುದು.

ತಕ್ಕಡಿ ಸೊನ್ನೆ ಮಾಡಿ ಬಟ್ಟಲಿಟ್ಟು, ಮಕ್ಕಳು ಚರ್ಚೆ ಮಾಡುತ್ತಾ ನಿಂತರೆ ಅದು ತಾನಾಗಿ ಆರಿಹೋಗುತ್ತದೆ. ಮತ್ತೆ ಆನ್ ಮಾಡಿದಾಗ ಬಟ್ಟಲಲ್ಲಿದ್ದ ಹಿಟ್ಟನ್ನೂ ಸೇರಿಸಿ ಸೊನ್ನೆ ಎಂದುಕೊಳ್ಳುತ್ತದೆ. ಆ ಗುಂಪಿಗೆ ಹೆಚ್ಚು ಹಿಟ್ಟು ಬಿದ್ದಿರುತ್ತದೆ, ಅವರ ಹಿಟ್ಟು ಸುರಿಯುವುದಕ್ಕೇ ಬರುವುದಿಲ್ಲ, ಮುದ್ದೆಯಾಗಿ ಬೀಳುತ್ತದೆ. ಇನ್ನೊಂದು, ಚಿಟಿಕೆ ಚಿಟಿಕೆಯಾಗಿ ಹಾಕುತ್ತಾ ಹೋದರೆ ಕೆಲವು ತಕ್ಕಡಿಗಳು ಸೊನ್ನೆಯ ಹತ್ತಿರ ಆ ಸಣ್ಣ ಏರಿಕೆಯನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಒಮ್ಮೆ ಬಟ್ಟಲನ್ನು ಎತ್ತಿ ಮತ್ತೆ ಇಟ್ಟು ನೋಡಿದರೆ ನಿಜ ತೂಕ ತೋರಿಸುತ್ತದೆ.

ತಕ್ಕಡಿಯೇ ಸುಳ್ಳು ಹೇಳುತ್ತಿದೆಯಾ? ₹10ರ ನಾಣ್ಯ ಒಂದಕ್ಕೆ ಸುಮಾರು 7.7 ಗ್ರಾಂ. ಹತ್ತು ನಾಣ್ಯ ಇಟ್ಟರೆ 77 ತೋರಿಸಬೇಕು. ಒಂದೆರಡು ಗ್ರಾಂ ಆಚೀಚೆ ಆದರೆ ಪರವಾಗಿಲ್ಲ, 70 ತೋರಿಸಿದರೆ ಸೆಲ್ ಬದಲಿಸಿ. ನೀರಿನ ಕಪ್ಪನ್ನೂ ಹೀಗೆ ಪರೀಕ್ಷಿಸಬಹುದು: 50 ಮಿ.ಲೀ. ನೀರು 50 ಗ್ರಾಂ ತೂಗಬೇಕು. ಪ್ಲಾಸ್ಟಿಕ್ ಕಪ್ಪಿನ ಮೇಲೆ ಅಚ್ಚಾದ ಗೆರೆಯನ್ನು ವೇದವಾಕ್ಯ ಎಂದುಕೊಳ್ಳಬೇಡಿ. ಎರಡು ತಟ್ಟೆಯ ತಕ್ಕಡಿಯಾದರೆ ಬಲದ್ದು ಎಡಕ್ಕೆ, ಎಡದ್ದು ಬಲಕ್ಕೆ ಹಾಕಿ. ಆಗಲೂ ಸಮ ನಿಂತರೆ ತಕ್ಕಡಿ ನಿಯತ್ತಿನದು. ಅಡಿಕೆ ತೂಗುವುದನ್ನು ನೋಡಿದ ಮಕ್ಕಳಿಗೆ ಈ ಪರೀಕ್ಷೆ ಯಾಕೆ ಎಂದು ವಿವರಿಸುವ ಕೆಲಸವೇ ಇರುವುದಿಲ್ಲ.

ತಕ್ಕಡಿ ಸಿಗದ ಶಾಲೆಯಲ್ಲಿ ಸಕ್ಕರೆಗೆ ಚಮಚವೇ ಗತಿ. ಮನೆ ಚಮಚಗಳು ಒಂದೊಂದು ಗಾತ್ರ. ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ 5 ಮಿ.ಲೀ. ಗೆರೆ ಇರುತ್ತದೆ, ತೊಳೆದು ಒಣಗಿಸಿ ಬಳಸಿ. ಚಮಚವಾದರೆ ರಾಶಿ ಮಾಡದೆ, ಸ್ಕೇಲಿನ ಅಂಚಿನಿಂದ ಸವರಿ ಮಟ್ಟ ಮಾಡಿಸಿ. ರಾಶಿ ಚಮಚಕ್ಕೂ ಸವರಿದ ಚಮಚಕ್ಕೂ ಎಷ್ಟು ವ್ಯತ್ಯಾಸ ಎಂದು ಎರಡು ಕಾಗದದ ಮೇಲೆ ಸುರಿದು ತೋರಿಸಿದರೆ ಸಾಕು.

ಹೊತ್ತಿನ ಲೆಕ್ಕ

ಯೀಸ್ಟ್ ನೀರು ಹಂಚುವುದಕ್ಕೇ ಐದಾರು ನಿಮಿಷ ಹಿಡಿಯುತ್ತದೆ. ಹಾಗಾಗಿ ಎಲ್ಲರೂ ಒಂದೇ ಗಡಿಯಾರ ನೋಡಿ ಒಂದೇ ಹೊತ್ತಿಗೆ ಓದಿದರೆ ಮೊದಲ ಗುಂಪಿನದು ಮುಂದೆ ಇರುವುದು ಸಹಜ. ಪ್ರತಿ ಗುಂಪೂ ತನ್ನ ಹಿಟ್ಟು ಲೋಟಕ್ಕೆ ಬಿದ್ದ ಹೊತ್ತನ್ನು ಬರೆದುಕೊಂಡು ಅಲ್ಲಿಂದ 10 ನಿಮಿಷ ಎಣಿಸಲಿ.

ಎಣಿಸುವುದರಲ್ಲೇ ಮತ್ತೊಂದು ಹಳ್ಳ. ಮಗುವಿನ ಪುಸ್ತಕದಲ್ಲಿ ಹೀಗಿರುತ್ತದೆ: ಶುರು 10.55, ಓದಿದ್ದು 11.05. ಕೆಳಗೆ ಅಚ್ಚುಕಟ್ಟಾಗಿ ಕಳೆದಿದೆ, ದಶಕ ತಂದಿದೆ, ಉತ್ತರ 0.50, ಪಕ್ಕದಲ್ಲಿ '50 ನಿಮಿಷ'. ಕಳೆಯುವ ಲೆಕ್ಕದಲ್ಲಿ ಒಂದು ಕುಂದೂ ಇಲ್ಲ. ಗಂಟೆಗೆ 60 ನಿಮಿಷ ಎನ್ನುವುದನ್ನು ಚುಕ್ಕೆ ಮುಚ್ಚಿಹಾಕಿದೆ. ಹೊತ್ತನ್ನು 10:55 ಎಂದು ಎರಡು ಚುಕ್ಕೆ ಹಾಕಿ ಬರೆಸಿ, ಕಳೆಯುವ ಬದಲು 11ಕ್ಕೆ ಎಷ್ಟು ಬೇಕು, ಅಲ್ಲಿಂದ ಎಷ್ಟು ಎಂದು ಕೂಡಿಸಲು ಹೇಳಿ. ಇದೇ ತಪ್ಪು ಬಸ್ಸಿನ ಹೊತ್ತಿನ ಲೆಕ್ಕದಲ್ಲೂ ಬರುತ್ತದೆ.

ಅಂಕಿ ತೀರಾ ಚೆನ್ನಾಗಿದೆ

ಎಲ್ಲಕ್ಕಿಂತ ಕಷ್ಟದ ದೋಷ ಇದು, ಏಕೆಂದರೆ ದೋಷ ಎಂದು ಅನಿಸುವುದೇ ಇಲ್ಲ. 30, 35, 40, 45, 50. ಆರು ಗುಂಪಿಗೂ ಒಂದೇ ಥರ. ಮೇಷ್ಟ್ರಿಗೆ ಖುಷಿ. ಆದರೆ ಯೀಸ್ಟ್ ಹೀಗೆ ನಡೆಯುವುದಿಲ್ಲ. ಮೊದಲು ತೂಕಡಿಸಿ ಆಮೇಲೆ ಓಡುತ್ತದೆ ಎಂದೆನಲ್ಲ, ನಿಜವಾದ ಸಾಲು 31, 32, 36, 43 ಎಂಬ ಥರ ಇರುತ್ತದೆ. ನೇರ ಮೆಟ್ಟಿಲಿನ ಹಾಗೆ ಏರಿದ ಸಂಖ್ಯೆಗಳು ಲೋಟದಿಂದ ಬಂದಿಲ್ಲ, ಪಕ್ಕದ ಪುಸ್ತಕದಿಂದ ಬಂದಿವೆ. ಇಲ್ಲವೇ ಮೊದಲ ಎರಡು ಓದು ನೋಡಿ ಉಳಿದದ್ದನ್ನು ಊಹಿಸಿ ತುಂಬಿದ್ದಾರೆ.

ಬರೀ 0, 5ರಲ್ಲೇ ಮುಗಿಯುವ ಓದುಗಳಿಗೆ ಇನ್ನೊಂದು ಕಾರಣವೂ ಇದೆ. ಸ್ಕೇಲಿನಲ್ಲಿ ಅರ್ಧ ಸೆಂ.ಮೀ. ಗೆರೆ ಸ್ವಲ್ಪ ಉದ್ದ. ಕಣ್ಣು ಅಲ್ಲಿಗೇ ಹೋಗಿ ಕೂರುತ್ತದೆ. ಇದು ಕಳ್ಳತನವಲ್ಲ, ಸೋಮಾರಿತನ. ಸಣ್ಣ ಗೆರೆಗಳನ್ನು ಸೂಜಿಯ ತುದಿಯಿಂದ ತೋರಿಸುತ್ತಾ ಎಣಿಸಿಸಿದರೆ ಸರಿಹೋಗುತ್ತದೆ.

ಯಾವುದು ಎಂದು ತಿಳಿಯಲು ಚೀಟಿ ಆಟ ಆಡಿಸಿ. ಗುಂಪಿನ ಇಬ್ಬರು ಒಬ್ಬರಾದ ಮೇಲೆ ಒಬ್ಬರು ಓದಲಿ, ಬಾಯಿ ಬಿಡದೆ ಚೀಟಿಯಲ್ಲಿ ಬರೆದು ಮಡಚಲಿ. ಆಮೇಲೆ ಬಿಚ್ಚಿ. 1 ಮಿ.ಮೀ. ವ್ಯತ್ಯಾಸ ಇದ್ದರೆ ಇಬ್ಬರೂ ಸರಿ. 2 ಇದ್ದರೆ ಮೂರನೆಯವರು ಓದಲಿ. 5 ಇದ್ದರೆ ಮೇಲೆ ಸ್ಕೇಲಿನ ಬಗ್ಗೆ ಬರೆದ ಭಾಗಕ್ಕೆ ಮತ್ತೆ ಹೋಗಿ. ಪ್ರತಿ ಸಲವೂ ಇಬ್ಬರದೂ ಕರಾರುವಾಕ್ಕಾಗಿ ಒಂದೇ ಬಂದರೆ ಕಣ್ಸನ್ನೆ ನಡೆದಿದೆ.

ಮಕ್ಕಳು ನಕಲು ಮಾಡುವುದಕ್ಕೆ ಅರ್ಧ ಕಾರಣ ನಾವೇ. 'ಸರಿ ಉತ್ತರ ಎಷ್ಟು ಮಿಸ್?' ಎಂದು ಅವರು ಕೇಳುತ್ತಾರೆ, ನಾವು 'ಹತ್ತಿರ ಹತ್ತಿರ 60 ಬರಬೇಕು' ಎಂದುಬಿಡುತ್ತೇವೆ. ಅಲ್ಲಿಂದ ಮುಂದೆ ಯಾವ ಲೋಟದಲ್ಲಿ ಏನಿದ್ದರೂ ಪುಸ್ತಕದಲ್ಲಿ 60. ಆ ಸಂಖ್ಯೆಯನ್ನು ಬಾಯಿ ಬಿಟ್ಟು ಹೇಳಬೇಡಿ. ಒರೆಸುವ ರಬ್ಬರನ್ನು ಆ ಪೀರಿಯಡ್ಡಿಗೆ ಚೀಲದೊಳಗೆ ಹಾಕಿಸಿ. ತಪ್ಪು ಓದಿನ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸದು ಬರೆಯಲಿ. ಹಳೆಯದು ಕಾಣುತ್ತಿದ್ದರೆ ತಾನೇ ನಮಗೆ ಹುಡುಕುವುದಕ್ಕೆ ಸುಳಿವು ಸಿಗುವುದು?

ಮತ್ತೆ ಮಾಡುವಾಗ

ದೋಷ ಸಿಕ್ಕಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ಹೊಸ ಲೋಟ, ಹೊಸ ಯೀಸ್ಟ್, ಹೊಸ ಸ್ಕೇಲ್ ಎಲ್ಲ ಒಂದೇ ದಿನ ತಂದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ಹಿಂದೆ ಬಿದ್ದ ಗುಂಪು ಒಂದೇ ಮತ್ತೆ ಮಾಡಲಿ, ಒಂದನ್ನು ಮಾತ್ರ ಬದಲಿಸಲಿ, ಉಳಿದವರು ಅಳೆಯಲಿ.

ಮಾಡಿದ ಹಿಟ್ಟನ್ನು ತಿನ್ನಬಹುದಾ ಎಂದು ಕೇಳಿಯೇ ಕೇಳುತ್ತಾರೆ. ಸ್ಕೇಲ್, ಬೆರಳು, ಥರ್ಮಾಮೀಟರ್ ಮುಟ್ಟಿದ್ದು ದನದ ಕಲಗಚ್ಚಿಗೂ ಬೇಡ, ಗೊಬ್ಬರದ ಗುಂಡಿಗೆ ಹಾಕಿ. ತಿನ್ನುವುದಕ್ಕೆ ಎಂದೇ ಬೇರೆ ಪಾತ್ರೆಯಲ್ಲಿ ಅದೇ ಅಳತೆಯ ಹತ್ತು ಪಾಲು ಕಲಸಿಟ್ಟು, ಮೈದಾ 500 ಗ್ರಾಂಗೆ ಒಂದು ಟೀ ಚಮಚ ಉಪ್ಪು ಸೇರಿಸಿ, ಮಧ್ಯಾಹ್ನ ಪಡ್ಡಿನ ಕಾವಲಿಯಲ್ಲಿ ಹುಯ್ದು ಚೆನ್ನಾಗಿ ಬೇಯಿಸಿ. ಹತ್ತು ಪಾಲಿಗೆ ಯೀಸ್ಟ್ ಎಷ್ಟು, ಸಕ್ಕರೆ ಎಷ್ಟು, ನೀರು ಎಷ್ಟು ಎಂಬ ಲೆಕ್ಕ ಮಕ್ಕಳದ್ದೇ ಆಗಲಿ. ಉಳಿದ ಯೀಸ್ಟನ್ನು ಗಾಳಿಯಾಡದ ಸಣ್ಣ ಬಾಟಲಿಗೆ ಹಾಕಿ, ಒಡೆದ ತಾರೀಖು ಬರೆದು, ಯಾರದಾದರೂ ಮನೆಯ ಫ್ರಿಜ್ಜಿನಲ್ಲಿಡಿ. ತಕ್ಕಡಿಯ ಸೆಲ್ ತೆಗೆದಿಡಿ. ನಮ್ಮ ಮಳೆಗೆ ಎರಡು ತಿಂಗಳಲ್ಲಿ ಅದು ಹಸಿರು ಹಿಡಿದಿರುತ್ತದೆ.